ಗೆದ್ದವ ಸೋತ, ಸೋತವ ಸತ್ತ, ಎಳೆದವ ಬದುಕಿದ

2007ರ ಜನವರಿ 24. ಅಮೆರಿಕದ ಸ್ಯಾನ್ ಡಿಯಾಗೊ ನಗರದ ಫೆಡರಲ್ ನ್ಯಾಯಾಲಯ. ಚಿಪ್ ತಯಾರಿಸುವ ಎರಡು ಕಂಪನಿಗಳ ಮೊಕದ್ದಮೆಯ ವಿಚಾರಣೆ ಮುಗಿಯಲು ಇನ್ನೆರಡು ದಿನ ಬಾಕಿ. ವಾದಿ ಕ್ವಾಲ್ಕಾಮ್, ಪ್ರತಿವಾದಿ ಬ್ರಾಡ್‌ಕಾಮ್. ಸಾಕ್ಷಿಕಟ್ಟೆಯಲ್ಲಿದ್ದವರು ಕ್ವಾಲ್ಕಾಮ್‌ನ ಉದ್ಯೋಗಿ. ಅವರ ಕಡೆಯ ವಕೀಲರು ಬಲು ಎಚ್ಚರದಿಂದ ಪ್ರಶ್ನೆಗಳನ್ನು ಕೇಳಿ ಕೂತರು. ಅವರು ಕೇಳದೆ ಬಿಟ್ಟ ಒಂದೇ ಪ್ರಶ್ನೆಯನ್ನು ಪಾಟೀಸವಾಲಿಗೆ ಎದ್ದ ಬ್ರಾಡ್‌ಕಾಮ್ ವಕೀಲರು ಕೇಳಿದರು: ಆ ಸಮಿತಿಯ ಗುಂಪಿನಿಂದ ನಿಮಗೆ ಇಮೇಲ್‌ಗಳು ಬಂದಿದ್ದವೇ? ಬಂದಿದ್ದವು ಎಂದು ಸಾಕ್ಷಿ ಒಪ್ಪಿಕೊಂಡರು. ಊಟದ ವಿರಾಮ ಮುಗಿಯುವಷ್ಟರಲ್ಲಿ 21 ಇಮೇಲ್‌ಗಳು ಬ್ರಾಡ್‌ಕಾಮ್ ಕೈಸೇರಿದವು.

ಅಷ್ಟು ಸಣ್ಣ ಪ್ರಶ್ನೆಯ ಮೇಲೆ ಇಡೀ ವ್ಯಾಜ್ಯ ನಿಂತಿತ್ತು. ವಿಡಿಯೊವನ್ನು ಚಿಕ್ಕದಾಗಿ ಹಿಂಡಿ ಕಳಿಸುವ ಎಚ್.264 ಎಂಬ ಮಾನಕವನ್ನು ನಾವೆಲ್ಲ ದಿನವೂ ಬಳಸುತ್ತೇವೆ. ಫೋನಿನಲ್ಲಿ ನೋಡುವ ಚಿತ್ರದ ತುಣುಕುಗಳಲ್ಲಿ ಹಲವುಗಳ ಹಿಂದೆ ಅದೇ ಇದೆ. 2003ರಲ್ಲಿ ಹೊರಬಂದ ಆ ಮಾನಕವನ್ನು ಹಲವು ಕಂಪನಿಗಳ ತಜ್ಞರು ಕೂಡಿ ಕೂತು ರೂಪಿಸಿದ್ದರು. ಸಮಿತಿಯಲ್ಲಿ ಪಾಲ್ಗೊಂಡವರು ತಮ್ಮ ಬಳಿ ಸಂಬಂಧಪಟ್ಟ ಪೇಟೆಂಟ್ ಇದ್ದರೆ ಮೊದಲೇ ಹೇಳಬೇಕು, ಅದನ್ನು ಉಚಿತವಾಗಿಯೋ ನ್ಯಾಯವಾದ ದರಕ್ಕೋ ಎಲ್ಲರಿಗೂ ಕೊಡಬೇಕು. ಕ್ವಾಲ್ಕಾಮ್ ಏನೂ ಹೇಳದೆ ಇದ್ದು, 2005ರ ಅಕ್ಟೋಬರಿನಲ್ಲಿ ತನ್ನ ಎರಡು ಪೇಟೆಂಟ್‌ಗಳು ಉಲ್ಲಂಘನೆಯಾಗಿವೆ ಎಂದು ಬ್ರಾಡ್‌ಕಾಮ್ ಮೇಲೆ ದಾವೆ ಹೂಡಿತು. ನೀವೂ ಆ ಸಮಿತಿಯಲ್ಲಿ ಇದ್ದಿರಲ್ಲ ಎಂದು ಬ್ರಾಡ್‌ಕಾಮ್ ಕೇಳಿದಾಗಲೆಲ್ಲ ಬಂದ ಉತ್ತರ ಒಂದೇ: ಇರಲಿಲ್ಲ.

ಸಾಕ್ಷಿಕಟ್ಟೆಯ ಘಟನೆಗೆ ಹತ್ತು ದಿನ ಮೊದಲು, ಅದೇ ಸಾಕ್ಷಿಯನ್ನು ವಿಚಾರಣೆಗೆ ಅಣಿಗೊಳಿಸುತ್ತಿದ್ದ ಕಿರಿಯ ವಕೀಲರೊಬ್ಬರಿಗೆ 2002ರ ಆಗಸ್ಟಿನ ಇಮೇಲ್ ಒಂದು ಕಣ್ಣಿಗೆ ಬಿತ್ತು. ಸಮಿತಿಯ ಗುಂಪಿಗೆ ಸ್ವಾಗತ ಎನ್ನುವ ಇಮೇಲ್ ಅದು. ಸಾಕ್ಷಿಯ ಲ್ಯಾಪ್‌ಟಾಪಿನಲ್ಲಿ ಹುಡುಕಿದರೆ ಅಂಥವು 21 ಸಿಕ್ಕವು. ವಕೀಲರ ತಂಡ ಕೂತು ಯೋಚಿಸಿ, ಎದುರಾಳಿ ಕೇಳಿದ ದಾಖಲೆಗಳ ವ್ಯಾಪ್ತಿಗೆ ಇವು ಬರುವುದಿಲ್ಲ ಎಂದು ತೀರ್ಮಾನಿಸಿತು. ಮೊಕದ್ದಮೆ ಮುಗಿದ ಮೇಲೂ ತಿಂಗಳುಗಟ್ಟಲೆ ಹಗ್ಗಜಗ್ಗಾಟ ನಡೆದು, ಕಡೆಗೆ ಕಂಪನಿಯ ಕಪಾಟುಗಳಿಂದ ಹೊರಬಂದದ್ದು 46,000ಕ್ಕೂ ಹೆಚ್ಚು ದಾಖಲೆ, 3 ಲಕ್ಷಕ್ಕೂ ಮೀರಿದ ಪುಟಗಳು. 2008ರ ಜನವರಿಯಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶೆ ಬಾರ್ಬರಾ ಮೇಜರ್, ಎದುರಾಳಿಯ ವಕೀಲರ ಖರ್ಚಾಗಿ 85 ಲಕ್ಷ ಡಾಲರಿಗೂ ಹೆಚ್ಚು ತೆರಬೇಕೆಂದು ಕ್ವಾಲ್ಕಾಮ್‌ಗೆ ಹೇಳಿದರು. ಆರು ಮಂದಿ ವಕೀಲರ ಹೆಸರು ಕ್ಯಾಲಿಫೋರ್ನಿಯಾದ ವಕೀಲರ ಪರಿಷತ್ತಿಗೆ ಹೋಯಿತು.

ಕತೆ ಅಲ್ಲಿಗೆ ಮುಗಿಯಲಿಲ್ಲ. 2010ರಲ್ಲಿ ಅದೇ ನ್ಯಾಯಾಧೀಶೆ ಮತ್ತೆ ಕೂಲಂಕಷವಾಗಿ ವಿಚಾರಿಸಿ ಆ ಆರು ವಕೀಲರನ್ನು ಶಿಕ್ಷೆಯಿಂದ ಬಿಟ್ಟರು. ಅವರು ಬೇಕೆಂದೇ ಮೋಸ ಮಾಡಿದ್ದು ಕಾಣಲಿಲ್ಲ. ಯಾವ ಕಂಪ್ಯೂಟರುಗಳನ್ನು ಹುಡುಕಬೇಕು ಎಂದು ಕಂಪನಿಯವರು ವಕೀಲರಿಗೆ ಹೇಳಿರಲಿಲ್ಲ, ವಕೀಲರು ಕೆದಕಿ ಕೇಳಿರಲಿಲ್ಲ. ಹುಡುಕುವ ಕೆಲಸ ತಮ್ಮದಲ್ಲ ಎಂದು ಒಬ್ಬರಿಗೊಬ್ಬರು ಬಿಟ್ಟುಕೊಂಡಿದ್ದರು. ಇಷ್ಟು ದೊಡ್ಡ ಮರೆಮಾಚುವಿಕೆಗೆ ಇಂಥವರೇ ಕಾರಣ ಎಂದು ಬೆರಳು ತೋರಿಸುವುದು ಕಷ್ಟವಾಯಿತು. ದೈತ್ಯ ಕಂಪನಿಗಳ ವ್ಯಾಜ್ಯಗಳಲ್ಲಿ ನುಣುಚಿಕೊಳ್ಳುವುದು ಎಂದರೆ ಹೆಚ್ಚಿನ ವೇಳೆ ಇದೇ ರೂಪ. ಹಸಿ ಸುಳ್ಳು ಹೇಳುವವರು ಅಪರೂಪ. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಆಚೆ ಈಚೆ ಎರಡೂ ಕಡೆ ಮಬ್ಬು ಉಳಿಸುವವರೇ ಜಾಸ್ತಿ.

ನಮ್ಮ ಹಳ್ಳಿಗಳಲ್ಲಿ ಕೋರ್ಟು ಕಂಡ ಹಿರಿಯರು ಹೇಳುವ ಗಾದೆ ಎಲ್ಲರಿಗೂ ಗೊತ್ತು: ಗೆದ್ದವ ಸೋತ, ಸೋತವ ಸತ್ತ. ಹೊಲದ ಬದುವಿಗಾಗಿ ಮೂರು ತಲೆಮಾರು ಅಲೆದವರ ಮಾತು ಅದು. ಅದರಲ್ಲಿ ಇಬ್ಬರೇ ಇದ್ದಾರೆ. ತಂತ್ರಜ್ಞಾನದ ವ್ಯಾಜ್ಯಗಳಲ್ಲಿ ಮೂರನೆಯವನೊಬ್ಬ ಸೇರಿಕೊಳ್ಳುತ್ತಾನೆ, ವಾಯಿದೆ ಮೇಲೆ ವಾಯಿದೆ ತೆಗೆದುಕೊಂಡು ಎಳೆಯುವವನು. ಬದು ನೂರು ವರ್ಷ ಕಳೆದರೂ ಅಲ್ಲೇ ಇರುತ್ತದೆ. ಫೋನಿನ ಒಂದು ಮಾದರಿಯ ಆಯುಸ್ಸು ಎರಡು ಮೂರು ವರ್ಷ, ಒಂದು ಆ್ಯಪಿನದು ಇನ್ನೂ ಕಡಿಮೆ. ತೀರ್ಪು ಬರುವ ಹೊತ್ತಿಗೆ ಜಗಳದ ವಸ್ತುವೇ ಗುಜರಿ ಸೇರಿರುತ್ತದೆ. ಹಾಗಾಗಿ ಇಲ್ಲಿ ಕದಿಯಬೇಕಾದ ಬೆಲೆಬಾಳುವ ವಸ್ತು ಸಮಯ. ಮುಂದೆ ಹೇಳುವ ಪಟ್ಟುಗಳು ಹೆಸರಿನಲ್ಲಿ ಬೇರೆ ಬೇರೆ; ಅವುಗಳಿಂದ ಸಿಗುವುದು ಮಾತ್ರ ಅದೊಂದೇ.

ಕಳ್ಳ ಎಂದರು, ಕದ್ದದ್ದೇನು ಎನ್ನಲಿಲ್ಲ

ಎಳೆಯುವವನು ಯಾವಾಗಲೂ ಪ್ರತಿವಾದಿಯೇ ಆಗಿರಬೇಕಿಲ್ಲ. ದಾವೆ ಹೂಡಿದವನೇ ತನ್ನ ದಾವೆಯಿಂದ ನುಣುಚಿಕೊಂಡ ಪ್ರಸಂಗ ಒಂದಿದೆ.

2003ರ ಮಾರ್ಚಿನಲ್ಲಿ ಅಮೆರಿಕದ ಯೂಟಾ ರಾಜ್ಯದ ಎಸ್‌ಸಿಒ ಗ್ರೂಪ್ ಎಂಬ ಸಣ್ಣ ಕಂಪನಿ ಐಬಿಎಂ ಮೇಲೆ ಮೊಕದ್ದಮೆ ಹಾಕಿತು. ಯುನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್ ತನ್ನದು, ಅದರ ಗುಟ್ಟುಗಳನ್ನು ಐಬಿಎಂ ಕದ್ದು ಲಿನಕ್ಸ್‌ಗೆ ಸುರಿದಿದೆ, ತನಗೆ 100 ಕೋಟಿ ಡಾಲರ್ ಪರಿಹಾರ ಬೇಕು ಎಂದು ಕೇಳಿತು. ಮೊತ್ತ ಮುಂದೆ 500 ಕೋಟಿಗೆ ಏರಿತು. ಲಿನಕ್ಸ್ ಯಾರೊಬ್ಬರ ಸ್ವತ್ತೂ ಅಲ್ಲ. ಜಗತ್ತಿನ ಸಾವಿರಾರು ಪ್ರೋಗ್ರಾಮರುಗಳು ಬರೆದು, ಯಾರು ಬೇಕಾದರೂ ಓದಲು, ಬಳಸಲು, ತಿದ್ದಲು ಬಿಟ್ಟಿರುವ ಕೋಡು. ಸ್ವತಃ ಎಸ್‌ಸಿಒ ಹಿಂದೆ ಕಾಲ್ಡೆರಾ ಎಂಬ ಹೆಸರಿನಲ್ಲಿ ಇದೇ ಲಿನಕ್ಸನ್ನು ಮಾರಿಕೊಂಡಿದ್ದ ಕಂಪನಿ.

ಲಿನಕ್ಸ್ ಬರೆದವರ ಪ್ರಶ್ನೆ ಸರಳವಾಗಿತ್ತು. ಯಾವ ಸಾಲು ನಿಮ್ಮದು ಹೇಳಿ, ಇವತ್ತೇ ತೆಗೆದುಹಾಕಿ ಬೇರೆ ಬರೆಯುತ್ತೇವೆ. ಆ ಉತ್ತರ ಬರಲಿಲ್ಲ. ಬಾಯಿ ಬಿಡುವುದಿಲ್ಲ ಎಂದು ಬರೆದುಕೊಟ್ಟವರಿಗೆ ಮಾತ್ರ ಕೆಲವು ಸಾಲುಗಳನ್ನು ತೋರಿಸಲಾಯಿತು. 2003ರ ಆಗಸ್ಟಿನಲ್ಲಿ ಲಾಸ್ ವೇಗಸ್‌ನ ಸಭೆಯೊಂದರಲ್ಲಿ ಪರದೆಯ ಮೇಲೆ ಕೋಡಿನ ತುಣುಕುಗಳು ಮೂಡಿದಾಗ, ಓದಲಾಗದಂತೆ ಅದರ ಒಂದು ಭಾಗವನ್ನು ಗ್ರೀಕ್ ಅಕ್ಷರಕ್ಕೆ ಬದಲಿಸಿದ್ದರು. ಯಾರೋ ಫೋಟೊ ತೆಗೆದರು. ಗ್ರೀಕ್ ಅಕ್ಷರವನ್ನು ಇಂಗ್ಲಿಷಿಗೆ ತಿರುಗಿಸಲು ತಿಳಿದವರಿಗೆ ಎಷ್ಟು ಹೊತ್ತು ಬೇಕು? ಆ ತುಣುಕುಗಳ ಬೇರು ಬಹಳ ಹಿಂದೆಯೇ ಬಹಿರಂಗವಾಗಿದ್ದ ಹಳೆಯ ಕೋಡಿನಲ್ಲಿತ್ತು ಎಂದು ಪರಿಣತರು ತೋರಿಸಿಕೊಟ್ಟರು.

ಈ ನಡುವೆ ಸುಮಾರು 1,500 ದೊಡ್ಡ ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಹೋಗಿತ್ತು: ನೀವು ಬಳಸುತ್ತಿರುವ ಲಿನಕ್ಸ್ ನಿಮ್ಮನ್ನು ಕೋರ್ಟಿಗೆ ಎಳೆದೀತು. ತೊಂದರೆ ಬೇಡ ಎನ್ನುವವರಿಗೆ ಸರ್ವರಿನ ಒಂದು ಪ್ರೊಸೆಸರಿಗೆ 699 ಡಾಲರ್ ದರದ ಪರವಾನಗಿ ಸಿದ್ಧವಿತ್ತು. ಆರೋಪ ಮಸುಕಾಗಿರುವಷ್ಟು ಕಾಲ ಭಯ ಚೊಕ್ಕವಾಗಿರುತ್ತದೆ. ಇಂಥ ಸಾಲು ಎಂದು ಹೇಳಿಬಿಟ್ಟರೆ ಆ ಸಾಲನ್ನು ಕಿತ್ತುಹಾಕಿ ಎಲ್ಲರೂ ನೆಮ್ಮದಿಯಾಗಿ ಮಲಗುತ್ತಾರೆ; 699 ಡಾಲರ್ ಕೊಡುವವರು ಯಾರು?

ಏನು ಕದ್ದರು ಎಂದು ಸ್ಪಷ್ಟವಾಗಿ ತಿಳಿಸಿ ಎಂದು ಮ್ಯಾಜಿಸ್ಟ್ರೇಟ್ ನ್ಯಾಯಾಧೀಶೆ ಬ್ರೂಕ್ ವೆಲ್ಸ್ 2003ರ ಡಿಸೆಂಬರಿನಲ್ಲೇ ಆಜ್ಞೆ ಮಾಡಿದರು. ಎಸ್‌ಸಿಒ ಉತ್ತರದ ಬದಲು ಮತ್ತಷ್ಟು ದಾಖಲೆ ಕೇಳಿತು. ಐಬಿಎಂನ ಹಳೆಯ ಕೋಡೆಲ್ಲ ಕೊಡಲಿ, ಆಮೇಲೆ ಕಳವನ್ನು ತೋರಿಸುತ್ತೇವೆ ಎಂಬ ಧಾಟಿ. 2005ರ ಆರಂಭದಲ್ಲಿ, ಹೊರಗೆ ಇಷ್ಟೊಂದು ಅಬ್ಬರಿಸಿದ ಕಂಪನಿ ಒಳಗೆ ಇಷ್ಟು ಕಡಿಮೆ ಪುರಾವೆ ಇಟ್ಟಿದೆಯಲ್ಲ ಎಂದು ನ್ಯಾಯಾಧೀಶ ಡೇಲ್ ಕಿಂಬಲ್ ಬರವಣಿಗೆಯಲ್ಲೇ ಬೆರಗಾದರು. 2006ರ ಜೂನಿನಲ್ಲಿ ವೆಲ್ಸ್ ಅವರು 294 ಆರೋಪಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಸ್ಪಷ್ಟತೆ ಇಲ್ಲವೆಂದು ತೆಗೆದುಹಾಕಿದರು. ಆಗ ಅವರು ಕೊಟ್ಟ ಹೋಲಿಕೆಯ ಸಾರ ಇದು: ಅಂಗಡಿಯಲ್ಲಿ ಕದ್ದನೆಂದು ಒಬ್ಬನನ್ನು ಹಿಡಿದು, ಏನು ಕದ್ದೆ ಎಂದು ಹೇಳುವ ಬದಲು ಇಡೀ ಅಂಗಡಿಯ ಸರಕು ಪಟ್ಟಿಯನ್ನೇ ಕೈಗಿಟ್ಟು, ಕದ್ದದ್ದು ಯಾವುದೆಂದು ನಿನಗೇ ಗೊತ್ತಲ್ಲ ಎಂದಂತಾಯಿತು. ಅವರು ಹೆಸರಿಸಿದ ಅಂಗಡಿ ಅಮೆರಿಕದ ಸಿರಿವಂತರ ನೀಮನ್ ಮಾರ್ಕಸ್.

ಮುಂದಿನದು ಇನ್ನೂ ಸ್ವಾರಸ್ಯ. ಯುನಿಕ್ಸ್‌ನ ಹಕ್ಕುಸ್ವಾಮ್ಯ ಎಸ್‌ಸಿಒದ್ದೇ ಅಲ್ಲ, ನೊವೆಲ್ ಕಂಪನಿಯದು ಎಂದು 2007ರ ಆಗಸ್ಟಿನಲ್ಲಿ ಕಿಂಬಲ್ ತೀರ್ಪಿತ್ತರು. ನೊವೆಲ್‌ಗೆ ಕೊಡಬೇಕಾದ ಹಣದ ಲೆಕ್ಕ ತೀರ್ಮಾನಿಸಲು ಸೆಪ್ಟೆಂಬರಿನಲ್ಲಿ ವಿಚಾರಣೆ ನಿಗದಿಯಾಯಿತು. ಅದು ಶುರುವಾಗಲು ಮೂರು ದಿನ ಇರುವಾಗ, ಶುಕ್ರವಾರ, ಎಸ್‌ಸಿಒ ದಿವಾಳಿ ಅರ್ಜಿ ಹಾಕಿತು. ದಿವಾಳಿ ಅರ್ಜಿ ಬಿದ್ದ ಕೂಡಲೇ ಅಮೆರಿಕದಲ್ಲಿ ಅರ್ಜಿದಾರರ ವಿರುದ್ಧದ ವ್ಯಾಜ್ಯಗಳಿಗೆ ತಡೆ ಬೀಳುತ್ತದೆ. ಮೇಲ್ಮನವಿಯಲ್ಲಿ ಪ್ರಕರಣಕ್ಕೆ ಮತ್ತೆ ಜೀವ ಬಂತು. 2010ರಲ್ಲಿ ಜ್ಯೂರಿಯೂ ನೊವೆಲ್ ಪರ ನಿಂತಿತು. ಐಬಿಎಂ ಮೇಲಿನ ಮೊಕದ್ದಮೆ ಸತ್ತು, ಎದ್ದು, ಮತ್ತೆ ಮಲಗಿ, 2021ರಲ್ಲಿ 1.425 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಕೇಳಿದ್ದು 500 ಕೋಟಿ, ಹಿಡಿದದ್ದು 18 ವರ್ಷ. ಅಷ್ಟರಲ್ಲಿ ಲಿನಕ್ಸ್ ಆಂಡ್ರಾಯ್ಡ್ ರೂಪದಲ್ಲಿ ಕೋಟ್ಯಂತರ ಜನರ ಜೇಬು ಸೇರಿತ್ತು.

ಎಳೆಯುವುದೂ ಒಂದು ವಿದ್ಯೆ

ಐಬಿಎಂ ಬಗ್ಗೆ ಕನಿಕರ ಪಡುವ ಮುನ್ನ ಅದರ ಹಳೆಯ ಕಡತವನ್ನೂ ಬಿಚ್ಚಿ ನೋಡಬೇಕು. 1950ರ ದಶಕದ ಕೊನೆಗೆ, ದೀರ್ಘಕಾಲ ನಡೆಯುವ ಮೊಕದ್ದಮೆಗಳ ಕುರಿತು ನ್ಯಾಯಾಧೀಶರಿಗಾಗಿ ನಡೆದ ವಿಚಾರಸಂಕಿರಣದಲ್ಲಿ ಬ್ರೂಸ್ ಬ್ರೋಮ್ಲಿ ಎಂಬ ಹಿರಿಯ ವಕೀಲರು ಮಾತಾಡಿದರು. ತಾನು ಹುಟ್ಟಿದ್ದೇ ಎಳೆಯುವುದಕ್ಕೆ, ಎಷ್ಟೇ ಸರಳವಾದ ಏಕಸ್ವಾಮ್ಯ ಪ್ರಕರಣ ಕೊಟ್ಟರೂ ಪ್ರತಿವಾದಿಯ ಪರವಾಗಿ ಅದನ್ನು ಅನಂತದವರೆಗೆ ಉದ್ದ ಮಾಡಬಲ್ಲೆ ಎಂದು ಅವರು ಹೆಮ್ಮೆಯಿಂದಲೇ ಹೇಳಿಕೊಂಡರು. ಎದುರಾಳಿಗೆ ದೊಡ್ಡ ಪ್ರಶ್ನಾವಳಿಯೊಂದನ್ನು ಕಳಿಸಿ, ಅವರು ಅದರಲ್ಲಿ ಮುಳುಗಿರುವಾಗ ತಾವು ಬೇರೆ ಕೆಲಸ ನೋಡಿಕೊಳ್ಳುತ್ತಿದ್ದ ಬಗೆಯನ್ನೂ ವಿವರಿಸಿದರು.

ಬ್ರೋಮ್ಲಿ ಇದ್ದ ಕ್ರವಾತ್ ಸಂಸ್ಥೆಯೇ ಐಬಿಎಂನ ವಕೀಲರ ಸಂಸ್ಥೆ. 1968ರ ಡಿಸೆಂಬರಿನಲ್ಲಿ ಪೈಪೋಟಿಯ ಕಂಪ್ಯೂಟರ್ ಕಂಪನಿ ಕಂಟ್ರೋಲ್ ಡೇಟಾ, ಮರುತಿಂಗಳೇ ಅಮೆರಿಕ ಸರ್ಕಾರ ಐಬಿಎಂ ವಿರುದ್ಧ ಮೊಕದ್ದಮೆ ಹೂಡಿದವು. ಲಕ್ಷಾಂತರ ಕಾಗದಗಳು ಎದುರಿಗೆ ಬಂದು ಬಿದ್ದಾಗ ಕಂಟ್ರೋಲ್ ಡೇಟಾ ತನ್ನ ಕಸುಬಿಗೆ ತಕ್ಕ ಉಪಾಯ ಮಾಡಿತು. ಯಾವ ಕಾಗದದಲ್ಲಿ ಏನಿದೆ ಎಂದು ಹುಡುಕಿಕೊಡುವ ಗಣಕೀಕೃತ ಸೂಚಿಯನ್ನು ಕಟ್ಟಿತು. ಸರ್ಕಾರದ ವಕೀಲರೂ ಅದನ್ನೇ ನೆಚ್ಚಿಕೊಂಡಿದ್ದರು. 1973ರ ಜನವರಿಯಲ್ಲಿ ಐಬಿಎಂ ಮತ್ತು ಕಂಟ್ರೋಲ್ ಡೇಟಾ ರಾಜಿ ಮಾಡಿಕೊಂಡವು. ಒಪ್ಪಂದದ ಭಾಗವಾಗಿ ಆ ಸೂಚಿ ನಾಶವಾಯಿತು. ಕಾಗದಗಳು ಇದ್ದಲ್ಲೇ ಇದ್ದವು. ಅವುಗಳ ನಡುವಿನ ದಾರಿ ಮಾಯವಾಯಿತು. ದಾಖಲೆಗಳನ್ನು ಬಚ್ಚಿಡುವುದಕ್ಕಿಂತ ರಾಶಿ ಹಾಕಿ ದಾರಿ ತಪ್ಪಿಸುವುದು ಹೆಚ್ಚು ಸುರಕ್ಷಿತ ಎಂಬುದನ್ನು ಈ ಒಂದು ಪ್ರಸಂಗ ಕಲಿಸುತ್ತದೆ.

ಸರ್ಕಾರದ ಮೊಕದ್ದಮೆ 13 ವರ್ಷ ನಡೆಯಿತು. ವಿಚಾರಣೆಯ ನಡಾವಳಿಯೇ ಒಂದು ಲಕ್ಷ ಪುಟ ದಾಟಿತು. ಎಲ್ಲ ತಡಕ್ಕೂ ಐಬಿಎಂ ಒಂದೇ ಹೊಣೆ ಎನ್ನಲಾಗದು. ತನ್ನ ಕಡೆಯ ಸಾಕ್ಷ್ಯ ಮುಗಿಸಲು ಸರ್ಕಾರವೇ ವರ್ಷಗಟ್ಟಲೆ ತೆಗೆದುಕೊಂಡಿತು. 1982ರ ಜನವರಿ 8ರಂದು, ಹುರುಳಿಲ್ಲವೆಂದು ಸರ್ಕಾರ ತಾನೇ ಕೈಬಿಟ್ಟಿತು. ಅದಕ್ಕೆ ಐದು ತಿಂಗಳು ಹಿಂದೆ ಐಬಿಎಂ ಮೇಜಿನ ಮೇಲಿಡುವ ಪುಟ್ಟ ಪಿಸಿಯನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಕೋಣೆ ತುಂಬುವ ಯಂತ್ರಗಳ ಬಗ್ಗೆ ಶುರುವಾದ ಜಗಳ ಮುಗಿಯುವಾಗ ಕಂಪ್ಯೂಟರ್ ಎಂಬ ಪದದ ಅರ್ಥವೇ ಬದಲಾಗುತ್ತಿತ್ತು.

ಅಳಿಸಿಹೋಗುವ ಮಾತು

ಕಾಗದದ ಕಾಲದಲ್ಲಿ ದಾಖಲೆ ನಾಶಮಾಡಲು ಯಾರಾದರೂ ಕೈಯಾರೆ ಹರಿಯಬೇಕಿತ್ತು, ಸುಡಬೇಕಿತ್ತು. ಈಗ ಏನೂ ಮಾಡದೆ ಸುಮ್ಮನಿದ್ದರೆ ಸಾಕು, ಯಂತ್ರವೇ ಅಳಿಸುತ್ತದೆ. 2011ರಲ್ಲಿ ಶುರುವಾದ ಆಪಲ್-ಸ್ಯಾಮ್ಸಂಗ್ ಕಾಳಗದಲ್ಲಿ, ಸ್ಯಾಮ್ಸಂಗ್‌ನ ಇಮೇಲ್ ವ್ಯವಸ್ಥೆ ಪ್ರತಿ ಎರಡು ವಾರಕ್ಕೆ ಹಳೆಯ ಪತ್ರಗಳನ್ನು ತಾನಾಗಿ ಅಳಿಸುತ್ತಿತ್ತು ಎಂಬುದು ಹೊರಬಿತ್ತು. ವ್ಯಾಜ್ಯ ಬರುವುದು ಗೊತ್ತಾದ ಮೇಲೂ ಅದನ್ನು ನಿಲ್ಲಿಸಿರಲಿಲ್ಲ. ಆದರೆ ದೂರಿದ ಆಪಲ್ ಕೂಡ ಸಾಕ್ಷ್ಯ ಕಾಪಾಡುವುದರಲ್ಲಿ ತಪ್ಪಿದೆ ಎಂದು ನ್ಯಾಯಾಧೀಶೆ ಲೂಸಿ ಕೋ ಅವರಿಗೆ ಕಂಡಿತು. ಕಡೆಗೆ ಈ ಬಗ್ಗೆ ಜ್ಯೂರಿಗೆ ಯಾರ ವಿರುದ್ಧವೂ ಸೂಚನೆ ಹೋಗಲಿಲ್ಲ.

ನಮ್ಮ ಕಚೇರಿಗಳಲ್ಲೂ ‘ವಾಟ್ಸಾಪ್‌ನಲ್ಲಿ ಬೇಡ, ಎದುರಿಗೆ ಸಿಕ್ಕಾಗ ಮಾತಾಡೋಣ’ ಎನ್ನುವ ಜಾಣರಿದ್ದಾರೆ. ಗೂಗಲ್ ಆ ಜಾಣತನವನ್ನು ಕಂಪನಿಯ ಪದ್ಧತಿಯಾಗಿಸಿತ್ತು. 2008ರಿಂದಲೇ ಅಲ್ಲಿನ ಉದ್ಯೋಗಿಗಳ ಖಾಸಗಿ ಚಾಟ್, ಉಳಿಸಿಕೊಳ್ಳುವ ಗುಂಡಿ ಒತ್ತದಿದ್ದರೆ, 24 ಗಂಟೆಯಲ್ಲಿ ಅಳಿಸಿಹೋಗುತ್ತಿತ್ತು. ಫೋರ್ಟ್‌ನೈಟ್ ಆಟ ರೂಪಿಸಿದ ಎಪಿಕ್ ಗೇಮ್ಸ್, ಆ್ಯಪ್ ಮಾರಾಟದ ಏಕಸ್ವಾಮ್ಯದ ಬಗ್ಗೆ 2020ರ ಆಗಸ್ಟಿನಲ್ಲಿ ದಾವೆ ಹೂಡಿತು. ಅದಾದ ಮೇಲೂ ಚಾಟ್ ಉಳಿಸಬೇಕೇ ಬೇಡವೇ ಎಂಬ ನಿರ್ಧಾರವನ್ನು ಕಂಪನಿ ಒಬ್ಬೊಬ್ಬ ಉದ್ಯೋಗಿಯ ವಿವೇಚನೆಗೆ ಬಿಟ್ಟಿತ್ತು. ಸೂಕ್ಷ್ಮ ವಿಷಯ ಬಂದಾಗ ಉಳಿಸುವ ಗುಂಡಿ ಒತ್ತಿಲ್ಲವಲ್ಲ ಎಂದು ಒಬ್ಬರಿಗೊಬ್ಬರು ಖಚಿತಪಡಿಸಿಕೊಳ್ಳುತ್ತಿದ್ದ ಚಾಟ್‌ಗಳೇ ಕೆಲವು ಉಳಿದುಕೊಂಡು ಸಾಕ್ಷಿಯಾದವು.

ಇನ್ನೊಂದು ಪಟ್ಟು ವಕೀಲರ ಹೆಸರಿನದು. ಕಕ್ಷಿದಾರ ಮತ್ತು ವಕೀಲರ ನಡುವಿನ ಮಾತು ಗೋಪ್ಯ, ಕೋರ್ಟೂ ಅದನ್ನು ಕೇಳುವಂತಿಲ್ಲ. ಈ ರಕ್ಷಣೆ ಇಲ್ಲದಿದ್ದರೆ ಯಾರೂ ತಮ್ಮ ವಕೀಲರ ಹತ್ತಿರ ನಿಜ ಹೇಳಲಾರರು. ಆದರೆ ಸಾಮಾನ್ಯ ವ್ಯವಹಾರದ ಇಮೇಲಿಗೂ ವಕೀಲರೊಬ್ಬರ ಹೆಸರು ಸೇರಿಸಿ, ನಿಮ್ಮ ಸಲಹೆ ಬೇಕು ಎಂದೊಂದು ಸಾಲು ಬರೆದರೆ? ಗೂಗಲ್‌ನಲ್ಲಿ ಹೀಗೆ ಬರೆಯಲು ಉದ್ಯೋಗಿಗಳಿಗೆ ಹೇಳಿಕೊಡಲಾಗುತ್ತಿತ್ತು ಎಂದು ಅಮೆರಿಕ ಸರ್ಕಾರ ಬೇರೊಂದು ಮೊಕದ್ದಮೆಯಲ್ಲಿ ದೂರಿತು. ವಕೀಲರು ಉತ್ತರವನ್ನೇ ಕೊಡದ ಇಂಥ ಇಮೇಲ್‌ಗಳು ಬೇಕಾದಷ್ಟಿದ್ದವು ಎಂಬುದು ಅದರ ವಾದ.

ಎಪಿಕ್‌ನದೇ ಇನ್ನೊಂದು ಜಗಳ ಆಪಲ್ ಜತೆ. ಆ್ಯಪ್‌ನ ಹೊರಗೆ ಹಣ ಪಾವತಿಸುವ ದಾರಿಯನ್ನು ಗ್ರಾಹಕರಿಗೆ ತೋರಿಸಲು ಬಿಡಬೇಕು ಎಂದು ನ್ಯಾಯಾಧೀಶೆ ಇವಾನ್ ಗೊನ್ಸಾಲೆಜ್ ರಾಜರ್ಸ್ 2021ರಲ್ಲಿ ಆಜ್ಞೆ ಮಾಡಿದ್ದರು. ಸುಪ್ರೀಂ ಕೋರ್ಟ್ ತನಕ ಹೋಗಿ ಬಂದ ಮೇಲೆ, 2024ರ ಜನವರಿಯಲ್ಲಿ ಆಪಲ್ ಆಜ್ಞೆಯನ್ನು ‘ಪಾಲಿಸಿತು’. ಹೊರಗೆ ಹಣ ಕೊಡಬಹುದು, ಆದರೆ ಅದರ ಮೇಲೂ ಶೇ 27 ಕಮಿಷನ್ ತನಗೆ. ಒಳಗಿದ್ದ ದರ ಶೇ 30. ಕಾರ್ಡ್ ಶುಲ್ಕ ಸೇರಿಸಿದರೆ ಹೊರಗೆ ಹೋದವನಿಗೆ ಉಳಿಯುವುದು ಸೊನ್ನೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಈ ದರವನ್ನು ಒಳಗೆ ಹೇಗೆ ನಿರ್ಧರಿಸಿದಿರಿ ಎಂದು ಕೇಳಿದಾಗ ಬಂದದ್ದು ತಡ ಮತ್ತು ವಕೀಲರ ಗೋಪ್ಯತೆಯ ಗೋಡೆ. ಮರುಪರಿಶೀಲನೆಗೆ ಒತ್ತಾಯಿಸಿದಾಗ ಗೋಪ್ಯ ಎಂದಿದ್ದ ದಾಖಲೆಗಳಲ್ಲಿ ಗಣನೀಯ ಭಾಗವನ್ನು ಆಪಲ್ ತಾನೇ ಬಿಟ್ಟುಕೊಟ್ಟಿತು. 2025ರ ಏಪ್ರಿಲ್ 30ರಂದು ನ್ಯಾಯಾಧೀಶೆ, ಇದು ಬೇಕೆಂದೇ ಮಾಡಿದ ನ್ಯಾಯಾಂಗ ನಿಂದನೆ ಎಂದರು. ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಪ್ರಮಾಣ ಮಾಡಿ ಸುಳ್ಳು ಹೇಳಿದ್ದಾರೆ ಎಂದೂ ದಾಖಲಿಸಿ, ಕ್ರಿಮಿನಲ್ ಕ್ರಮ ಬೇಕೇ ನೋಡಿ ಎಂದು ಸರ್ಕಾರಿ ವಕೀಲರಿಗೆ ಕಳಿಸಿದರು.

ಅಂಗಳ ಬದಲಿಸುವ ಆಟ

ಕೆಲವು ಸಲ ನುಣುಚಿಕೊಳ್ಳುವ ದಾರಿ ನೆಲದ ಮೇಲೆಯೇ ಇರುತ್ತದೆ. ಟೆಕ್ಸಾಸ್‌ನ ಮಾರ್ಷಲ್ ಒಂದು ಸಣ್ಣ ಪಟ್ಟಣ. 2015ರಲ್ಲಿ ಅಮೆರಿಕದ ಪೇಟೆಂಟ್ ಮೊಕದ್ದಮೆಗಳಲ್ಲಿ ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು ಅದು ಸೇರಿರುವ ಪೂರ್ವ ಟೆಕ್ಸಾಸ್ ನ್ಯಾಯಾಂಗ ಜಿಲ್ಲೆಯಲ್ಲಿ ದಾಖಲಾದವು, ಏಕೆಂದರೆ ಪೇಟೆಂಟ್ ಇರುವವರ ಕಡೆಗೆ ಅಲ್ಲಿನ ಗಾಳಿ ಬೀಸುತ್ತದೆ ಎಂಬ ನಂಬಿಕೆ. ಪದೇ ಪದೇ ಅಲ್ಲಿಗೆ ಎಳೆಸಿಕೊಂಡ ಸ್ಯಾಮ್ಸಂಗ್, ಕೋರ್ಟಿನ ಚೌಕದಲ್ಲೇ ಊರಿನವರಿಗಾಗಿ ಹಿಮಜಾರಾಟದ ಅಂಗಣವೊಂದನ್ನು ಪ್ರಾಯೋಜಿಸಿತು. ನಾಳೆ ಜ್ಯೂರಿಯಾಗಿ ಕೂರುವವರು ಅದೇ ಊರಿನವರು. 2017ರಲ್ಲಿ ಸುಪ್ರೀಂ ಕೋರ್ಟ್, ಕಂಪನಿ ನೋಂದಣಿಯಾದ ರಾಜ್ಯದಲ್ಲೋ, ಅದು ಕಾಯಂ ವ್ಯವಹಾರ ನಡೆಸುತ್ತಾ ಉಲ್ಲಂಘನೆ ಮಾಡಿದ ಜಾಗದಲ್ಲೋ ಮಾತ್ರ ಪೇಟೆಂಟ್ ದಾವೆ ಹೂಡಬೇಕು ಎಂದಿತು. ಅದಾಗಿ ಎರಡು ವರ್ಷಕ್ಕೆ, 2019ರ ಏಪ್ರಿಲಿನಲ್ಲಿ, ಆಪಲ್ ಆ ಜಿಲ್ಲೆಯಲ್ಲಿದ್ದ ತನ್ನ ಎರಡೂ ಮಳಿಗೆಗಳನ್ನು ಮುಚ್ಚಿ, ಜಿಲ್ಲೆಯ ಗಡಿಯಾಚೆ ಡಲ್ಲಾಸ್‌ನಲ್ಲಿ ಹೊಸದನ್ನು ತೆರೆಯಿತು. ಆಪಲ್ ಕಾರಣ ಹೇಳಲಿಲ್ಲ. ಕಾನೂನು ಬಲ್ಲವರಿಗೆ ಹೇಳಬೇಕಾಗಿಯೂ ಇರಲಿಲ್ಲ.

ದೇಶಗಳ ನಡುವೆ ಇದೇ ಆಟ ಇನ್ನೂ ಜೋರು. ಮೊಬೈಲ್ ಸಂಪರ್ಕದ ಪೇಟೆಂಟ್‌ಗಳಿರುವ ಅಮೆರಿಕದ ಇಂಟರ್‌ಡಿಜಿಟಲ್, 2020ರ ಜುಲೈನಲ್ಲಿ ಚೀನಾದ ಶಓಮಿ ವಿರುದ್ಧ ದೆಹಲಿ ಹೈಕೋರ್ಟಿಗೆ ಬಂತು. ಶಓಮಿ ಅದಕ್ಕೂ ಮೊದಲೇ ವುಹಾನ್ ನಗರದ ನ್ಯಾಯಾಲಯದಲ್ಲಿ ಅರ್ಜಿ ಹಾಕಿತ್ತು. ಸೆಪ್ಟೆಂಬರಿನಲ್ಲಿ ಆ ನ್ಯಾಯಾಲಯ, ದೆಹಲಿಯಲ್ಲಿ ಮುಂದುವರಿಯಬೇಡಿ, ಮುಂದುವರಿದರೆ ದಿನಕ್ಕೆ 10 ಲಕ್ಷ ಯುವಾನ್ ದಂಡ ಎಂದು ಇಂಟರ್‌ಡಿಜಿಟಲ್‌ಗೆ ಆಜ್ಞೆ ಮಾಡಿತು. ಅಕ್ಟೋಬರಿನಲ್ಲಿ ದೆಹಲಿ ಹೈಕೋರ್ಟ್ ಆ ತಡೆಯಾಜ್ಞೆಗೇ ತಡೆ ಹಾಕಿತು. ಭಾರತದ ಪೇಟೆಂಟ್ ಬಗ್ಗೆ ಭಾರತದ ಕೋರ್ಟಿಗೆ ಬರುವ ದಾರಿಯನ್ನು ಇನ್ನೊಂದು ದೇಶದ ಕೋರ್ಟು ಮುಚ್ಚಲಾಗದು ಎಂದಿತು. 2021ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಸಿ. ಹರಿಶಂಕರ್ ಅದನ್ನು ಖಾಯಂ ಮಾಡಿದರು. ಮೂರು ತಿಂಗಳಲ್ಲಿ ಇಬ್ಬರೂ ರಾಜಿಯಾದರು.

ನಮ್ಮ ಬೆಂಗಳೂರಿನ ಹೈಕೋರ್ಟೂ ಇಂಥದ್ದನ್ನು ಕಂಡಿದೆ, ಅದು ಕಂಪನಿ ಕಂಪನಿಗಳ ನೇರ ಜಗಳವಲ್ಲದಿದ್ದರೂ. ದೆಹಲಿಯ ವ್ಯಾಪಾರಿಗಳ ದೂರಿನ ಮೇಲೆ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ಫೆಬ್ರುವರಿಯಲ್ಲೇ ಅದಕ್ಕೆ ತಡೆಯಾಜ್ಞೆ ಬಂತು. ತಡೆ ತೆರವಾಗಲು 2021ರ ಜೂನ್ ಬಂತು. ಮೇಲ್ಮನವಿಯನ್ನು ಜುಲೈನಲ್ಲಿ ವಜಾ ಮಾಡಿದ ವಿಭಾಗೀಯ ಪೀಠ, ನಿಯಮ ಮೀರಿಲ್ಲವಾದರೆ ವಿಚಾರಣೆ ಎದುರಿಸಲು ಹಿಂಜರಿಕೆ ಏಕೆ ಎಂಬರ್ಥದ ಮಾತು ಹೇಳಿತು. ತನಿಖಾ ವರದಿ ಬಂದ ಮೇಲೆ ಮಾರಾಟಗಾರರು ಬೇರೆ ಬೇರೆ ರಾಜ್ಯಗಳ ಹೈಕೋರ್ಟುಗಳಿಗೆ ಅರ್ಜಿ ಹಾಕಿದರು. ಅವನ್ನೆಲ್ಲ ಒಟ್ಟುಗೂಡಿಸಿ ಕರ್ನಾಟಕ ಹೈಕೋರ್ಟಿಗೆ ಕಳಿಸಲು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಒಂದೊಂದು ಅರ್ಜಿಯೂ ಕಾನೂನು ಕೊಟ್ಟ ಹಕ್ಕು. ಎಲ್ಲ ಹಕ್ಕುಗಳನ್ನೂ ಸಾಲಾಗಿ ಜೋಡಿಸಿದರೆ ಐದು ವರ್ಷವಾಗುತ್ತದೆ.

ಹೊಗೆಗೂಡು ಗುಡಿಸುವ ಹುಡುಗ

ಹಾಗಾದರೆ ಈ ದಾರಿಗಳನ್ನೆಲ್ಲ ಮುಚ್ಚಬಹುದಲ್ಲ? ಸುಲಭವಲ್ಲ. ವಕೀಲರ ಗೋಪ್ಯತೆ, ಮೇಲ್ಮನವಿ, ದಿವಾಳಿಯ ರಕ್ಷಣೆ, ಆರೋಪ ಸ್ಪಷ್ಟವಾಗಿರಲಿ ಎನ್ನುವ ಹಕ್ಕು, ಇವೆಲ್ಲ ದುರ್ಬಲರನ್ನು ಕಾಯಲು ಇರುವಂಥವು. ಹತ್ತು ಜನರ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ದೈತ್ಯನೊಬ್ಬ ನೋಟಿಸ್ ಕೊಟ್ಟಾಗ ಅದನ್ನು ಉಳಿಸುವುದೂ ಇವೇ. ಕಷ್ಟವೆಂದರೆ ಅವುಗಳನ್ನು ಕೊನೆಯವರೆಗೆ ಬಳಸುವ ಹಣ ದೈತ್ಯನ ಬಳಿ ಮಾತ್ರ ಇರುತ್ತದೆ.

ಕೋರ್ಟುಗಳು ಎರಡು ಕಡೆಯಿಂದ ಮದ್ದು ಹುಡುಕಿವೆ. ಒಂದು ಗಡುವು. ಭಾರತದ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಡಿ ಪ್ರತಿವಾದಿ ಸಮನ್ಸ್ ಸಿಕ್ಕ 120 ದಿನದೊಳಗೆ ಲಿಖಿತ ತಕರಾರು ಸಲ್ಲಿಸದಿದ್ದರೆ ಆ ಹಕ್ಕೇ ಹೋಗುತ್ತದೆ. ಅದನ್ನು ವಿಸ್ತರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಗಟ್ಟಿ ಮಾಡಿತು. ತಮ್ಮ ಬಳಿಯ ದಾಖಲೆಗಳನ್ನು ಪ್ರಮಾಣಪೂರ್ವಕ ಮೊದಲೇ ಹೊರಹಾಕಬೇಕೆಂಬ ನಿಯಮವೂ ಅದರಲ್ಲಿದೆ.

ಇನ್ನೊಂದು ಮದ್ದು ಮುನ್ನೂರು ವರ್ಷ ಹಳೆಯದು. 1722ರ ಲಂಡನ್ನಿನಲ್ಲಿ ಹೊಗೆಗೂಡು ಗುಡಿಸುವ ಹುಡುಗನೊಬ್ಬನಿಗೆ ಒಂದು ಒಡವೆ ಸಿಕ್ಕಿತು. ಅದೇನೆಂದು ತಿಳಿಯಲು ಚಿನಿವಾರನ ಅಂಗಡಿಗೆ ಒಯ್ದ. ಅಲ್ಲಿದ್ದ ಕೆಲಸಗಾರ ತೂಕ ನೋಡುವ ನೆಪದಲ್ಲಿ ಹರಳುಗಳನ್ನು ಕಿತ್ತಿಟ್ಟುಕೊಂಡ, ಯಜಮಾನ ಕೆಲವು ಕಾಸು ಕೊಡಲು ಬಂದ. ಹುಡುಗ ಒಪ್ಪಲಿಲ್ಲ, ಒಡವೆ ವಾಪಸ್ ಕೊಡಿ ಎಂದ. ಬರಿಯ ಕಟ್ಟು ವಾಪಸ್ ಬಂತು. ಹುಡುಗ ದಾವೆ ಹೂಡಿದ. ಹರಳಿನ ಬೆಲೆ ಎಷ್ಟು ಎಂಬುದು ಯಾರಿಗೂ ಗೊತ್ತಿಲ್ಲ, ಹರಳೇ ಎದುರಿಗಿಲ್ಲ. ಪ್ರತಿವಾದಿ ಹರಳನ್ನು ತಂದು ತೋರಿಸದಿದ್ದರೆ ಆ ಕಟ್ಟಿಗೆ ಹೊಂದುವ ಅತ್ಯುತ್ತಮ ಹರಳು ಅದಾಗಿತ್ತೆಂದೇ ಎಣಿಸಿ ಬೆಲೆ ಕಟ್ಟಿ ಎಂದು ನ್ಯಾಯಾಧೀಶರು ಜ್ಯೂರಿಗೆ ಹೇಳಿದರು. ಅದೇ ತರ್ಕ ಭಾರತದ 1872ರ ಸಾಕ್ಷ್ಯ ಕಾಯ್ದೆಯ 114ನೇ ಕಲಮಿನಲ್ಲಿ ಇತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಮಿನಲ್ಲೂ ಇದೆ: ಕೊಡಬಹುದಾಗಿದ್ದ ಸಾಕ್ಷ್ಯವನ್ನು ಕೊಡದವನಿಗೆ ಅದು ಪ್ರತಿಕೂಲವಾಗಿತ್ತೆಂದು ಕೋರ್ಟು ಭಾವಿಸಬಹುದು.

ಎಪಿಕ್ ಮತ್ತು ಗೂಗಲ್ ಮೊಕದ್ದಮೆಯಲ್ಲಿ ನ್ಯಾಯಾಧೀಶ ಜೇಮ್ಸ್ ಡೊನಾಟೊ ಅಳಿಸಿಹೋದ ಚಾಟ್‌ಗಳ ಬಗ್ಗೆ ಜ್ಯೂರಿಗೆ ಹೇಳಿದ್ದೂ ಇಂಥದ್ದನ್ನೇ. ಅವು ಗೂಗಲ್‌ಗೆ ಪ್ರತಿಕೂಲವಾಗಿದ್ದವು ಎಂದು ನೀವು ಊಹಿಸಬಹುದು, ಊಹಿಸಲೇಬೇಕೆಂದಿಲ್ಲ. ಆ ವ್ಯಾಜ್ಯ ಅಲ್ಲಿಗೆ ಬರಲು ಮೂರು ವರ್ಷ ನಾಲ್ಕು ತಿಂಗಳು ಹಿಡಿದಿತ್ತು. 2023ರ ಡಿಸೆಂಬರ್ 11ರಂದು ಜ್ಯೂರಿ ಕೋಣೆಯ ಬಾಗಿಲು ಹಾಕಿಕೊಂಡಿತು. ನಾಲ್ಕು ಗಂಟೆಯೂ ಆಗುವ ಮೊದಲೇ ಒಮ್ಮತದ ತೀರ್ಪು ಹಿಡಿದು ಹೊರಗೆ ಬಂತು.